ಓದಿನ ಒಲವನ್ನು ಬಿತ್ತಿದ ಆಚಾರ್ಯ: ಪಂಜೆ ಮಂಗೇಶರಾಯರು

ಅಕ್ಷರ ಬಲ್ಲ ಮಗುವೆಲ್ಲ ಓದಬಲ್ಲ ಮಗುವಲ್ಲ. ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳನ್ನು ಕಲಿತ ಮೇಲೂ ಅಕ್ಷರ ಅಕ್ಷರಕ್ಕೆ ತಡೆದು ನಿಂತು ಓದುವ ಬಾಲಕನು ವಾಕ್ಯದ ತುದಿಯನ್ನು ಮುಟ್ಟುವಷ್ಟರಲ್ಲಿ ಅದರ ಮೊದಲನ್ನು ಮರೆತಿರುತ್ತಾನೆ. ಅರ್ಥ ದಕ್ಕದ ಓದು ಬೇಸರವನ್ನು ತರುತ್ತದೆ. ಆ ಬೇಸರವು ಮಗುವನ್ನು ಪುಸ್ತಕದಿಂದ, ಕ್ರಮೇಣ ಶಾಲೆಯಿಂದಲೇ ದೂರ ಮಾಡುತ್ತದೆ. ದಾವಣಗೆರೆಯ ಶಾಲೆಯಾಗಲಿ, ಹರಿಹರದ ಶಾಲೆಯಾಗಲಿ, ಪ್ರಾಥಮಿಕ ತರಗತಿಯ ಉಪಾಧ್ಯಾಯರಿಗೆ ಚಿರಪರಿಚಿತವಾದ ಈ ಕಷ್ಟಕ್ಕೆ ಕಥೆಯಲ್ಲಿಯೂ ಹಾಡಿನಲ್ಲಿಯೂ ಪರಿಹಾರವನ್ನು ಕಂಡ ಕನ್ನಡಿಗರಲ್ಲಿ ಕೀರ್ತಿಶೇಷ ಪಂಜೆ ಮಂಗೇಶರಾಯರು ಅಗ್ರಗಣ್ಯರು.

ರಾಯರು 1874ರ ಫೆಬ್ರವರಿ 22ರಂದು ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದರು. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ವಿದ್ಯೆಯ ಮಾತು ಕನ್ನಡ. ಹೀಗೆ ಶಾಲೆಯ ಬಾಗಿಲಿನಿಂದ ಕನ್ನಡವನ್ನು ಪ್ರವೇಶಿಸಿದವರೇ ಮುಂದೆ ಕನ್ನಡದ ಮಕ್ಕಳಿಗೆ ಆ ಬಾಗಿಲನ್ನು ಅಗಲವಾಗಿ ತೆರೆದರು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ವೃತ್ತಿಯನ್ನು ಆರಂಭಿಸಿ, ಶಾಲಾ ತನಿಖಾಧಿಕಾರಿಗಳಾಗಿ, ಶಿಕ್ಷಕರ ತರಬೇತಿ ಶಾಲೆಯ ಅಧ್ಯಾಪಕರಾಗಿ ದುಡಿದು, ಕಡೆಗೆ ಕೊಡಗಿನಲ್ಲಿ ಸೇವೆ ಸಲ್ಲಿಸಿ ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದರು.

ತನಿಖೆಗೆ ಬರುವ ಅಧಿಕಾರಿಯೆಂದರೆ ಗುರುಗಳೂ ಶಿಷ್ಯರೂ ಅಂಜುತ್ತಿದ್ದ ಕಾಲವದು. ರಾಯರಾದರೋ ಮಕ್ಕಳ ನಡುವೆ ಕಥೆಗಾರರಾಗಿ, ಹಾಡುಗಾರರಾಗಿ ನಿಂತರು. 1900ರಲ್ಲಿ ‘ಸುವಾಸಿನಿ’ ಪತ್ರಿಕೆಯಲ್ಲಿ ‘ನನ್ನ ಚಿಕ್ಕ ತಾಯಿ’ಯನ್ನು ಪ್ರಕಟಿಸಿ ಕನ್ನಡ ಸಣ್ಣಕಥೆಗೆ ನಾಂದಿ ಹಾಡಿದ ಲೇಖನಿಯು ಹಿರಿಯರ ಮೆಚ್ಚುಗೆಯೊಂದರಿಂದಲೇ ತೃಪ್ತವಾಗಲಿಲ್ಲ. ಮಿತ್ರರೊಡಗೂಡಿ ಮಂಗಳೂರಿನಲ್ಲಿ ‘ಬಾಲ ಸಾಹಿತ್ಯ ಮಂಡಲ’ವನ್ನು ಕಟ್ಟಿ, ಮಕ್ಕಳ ಕೈಗೆ ಮಕ್ಕಳದೇ ಆದ ಪುಸ್ತಕಗಳನ್ನು ಇತ್ತರು.

ಅವರ ಶಿಶುಕಥೆಗಳ ಗುಟ್ಟು ಪುನರಾವೃತ್ತಿಯಲ್ಲಿದೆ. ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆಯಲ್ಲಿ ಒಂದು ಪ್ರಶ್ನೆಗೆ ದೊರೆತ ಉತ್ತರವೇ ಇನ್ನೊಂದು ಪ್ರಶ್ನೆಗೆ ಎಡೆಮಾಡುತ್ತದೆ. ಪ್ರಶ್ನೆಯ ಅಚ್ಚು ಒಂದೇ, ಉತ್ತರಿಸುವವರು ಬೇರೆ. ‘ಮೂರು ಕರಡಿಗಳು’ ಕಥೆಯಲ್ಲಿಯೂ ಹಾಗೆಯೇ. ಒಂದೇ ಸಂಗತಿ ಮೂರು ಸಲ ಮರುಕಳಿಸುತ್ತದೆ. ತುಂಗಭದ್ರೆಯ ದಡದಲ್ಲಿ ಬೆಳೆದ ಹರಿಹರದ ಕೂಸು ಸಿಗಡಿಯನ್ನು ಕಣ್ಣಾರೆ ಕಂಡಿರಲಿಕ್ಕಿಲ್ಲ. ಆದರೂ ಎರಡನೆಯ ಪ್ರಶ್ನೆ ಮುಗಿಯುವಷ್ಟರಲ್ಲಿ ಮೂರನೆಯದು ಹೇಗೆ ಬರುವುದೆಂದು ಅದು ಊಹಿಸಬಲ್ಲದು. ಊಹೆ ನಿಜವಾದಾಗ ಹಿಗ್ಗು. ಹಿಗ್ಗಿದ ಮಗು ಇನ್ನೊಮ್ಮೆ ಓದಲು ತಾನೇ ಹಾತೊರೆಯುತ್ತದೆ.

ರಾಯರು ಅನುಭವದಿಂದ ನಡೆದ ಹಾದಿಯನ್ನು ಶಾಸ್ತ್ರವೂ ಅನಂತರದಲ್ಲಿ ತಲುಪಿತು. 1979ರಲ್ಲಿ ಅಮೆರಿಕೆಯ ವಿದ್ವಾಂಸ ಎಸ್. ಜೇ ಸ್ಯಾಮ್ಯುಯೆಲ್ಸ್ ಅವರು ಒಂದೇ ಕಿರುಪಾಠವನ್ನು ನಿರರ್ಗಳವಾಗುವವರೆಗೆ ಮತ್ತೆ ಮತ್ತೆ ಓದಿಸುವ ಕ್ರಮವನ್ನು ನಿರೂಪಿಸಿದರು. ಹಾಗೆ ಓದಿದ ಮಕ್ಕಳು ಹೊಸ ಪಾಠವನ್ನೂ ಮೊದಲಿಗಿಂತ ವೇಗವಾಗಿ ಓದತೊಡಗಿದರೆಂಬುದು ಅವರು ಕಂಡ ಫಲ. ಅಕ್ಷರವನ್ನು ಗುರುತಿಸುವ ಶ್ರಮ ತಗ್ಗಿದಷ್ಟೂ ಮನಸ್ಸು ಅರ್ಥದ ಕಡೆಗೆ ತಿರುಗುವುದೇ ಇದರ ಮರ್ಮ. ಆದರೆ ಮಗುವಿಗೆ ಮತ್ತೆ ಓದಬೇಕೆನಿಸುವ ಪಾಠವೊಂದು ಮೊದಲು ಇರಬೇಕಷ್ಟೆ! ರಾಯರು ರಚಿಸಿದ್ದು ಅಂತಹ ಪಾಠವನ್ನು.

1934ರಲ್ಲಿ ರಾಯಚೂರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಈ ಶಾಲಾಮೇಷ್ಟರಿಗೆ ಸಂದಿತು. 1937ರ ಅಕ್ಟೋಬರ್‌ನಲ್ಲಿ ಅವರು ದಿವಂಗತರಾದರು. ಅವರ ಜೀವಿತಕಾಲದಲ್ಲಿ ಮಂಗಳೂರು ಮದರಾಸು ಪ್ರಾಂತಕ್ಕೂ, ದಾವಣಗೆರೆ ಹರಿಹರಗಳು ಮೈಸೂರು ಸಂಸ್ಥಾನಕ್ಕೂ ಸೇರಿದ್ದವು. ಕೊಡಗು ಬೇರೆಯೇ ಆಗಿತ್ತು. 1956ರಲ್ಲಿ ಈ ಗಡಿಗಳು ಅಳಿದವು. ಕಡಲತೀರದ ಆ ಕಥೆಗಳು ಇಂದು ನಾಡಿನ ಎಲ್ಲ ಮಕ್ಕಳ ಸೊತ್ತು.

ಆ ಸೊತ್ತು ಸಾರ್ಥಕವಾಗಬೇಕಾದರೆ ಪುಸ್ತಕವು ಬೀರುವಿನ ಬೀಗದೊಳಗೆ ಉಳಿಯಬಾರದು. ಗುರುಗಳು ಮೊದಲು ಭಾವಪೂರ್ಣವಾಗಿ ಓದಿ ಕೇಳಿಸಲಿ. ಮರುದಿನ ಮಕ್ಕಳೊಡನೆ ದನಿಗೂಡಿಸಿ ಓದಲಿ. ಅನಂತರ ಮಗು ತಾನೊಂದೇ ಓದಲಿ, ಮನೆಯಲ್ಲಿ ಅಜ್ಜಿಗೂ ಓದಿ ಹೇಳಲಿ. ಹತ್ತು ಕಥೆಗಳನ್ನು ಒಂದೊಂದು ಸಲ ಮುಗಿಸುವುದಕ್ಕಿಂತ ಒಂದು ಕಥೆಯನ್ನು ಹತ್ತು ಸಲ ಸವಿಯುವುದು ಎಳೆಯ ಓದುಗನಿಗೆ ಹಿತ. ಇದಕ್ಕೆ ಬೇಕಾದುದು ಹಿರಿಯ ಕಟ್ಟಡವಲ್ಲ. ತರಗತಿಗೆ ಕೆಲವು ಕಥೆಪುಸ್ತಕಗಳು, ಅವನ್ನು ಮತ್ತೆ ಮತ್ತೆ ಓದಲು ಬೇಸರಿಸದ ಗುರುಗಳು. ದಾನಿಗಳ ಔದಾರ್ಯವು ಮೊದಲನೆಯದನ್ನು ಒದಗಿಸಬಲ್ಲದು. ಎರಡನೆಯದಕ್ಕೆ ರಾಯರ ಜೀವನವೇ ಆದರ್ಶ. ‘ಕವಿಶಿಷ್ಯ’ನೆಂಬ ಹೆಸರಿನಿಂದ ಕಾವ್ಯವನ್ನು ಬರೆದ ಆ ಮಹನೀಯರು ಕಡೆಯವರೆಗೂ ತಮ್ಮನ್ನು ಶಿಷ್ಯರೆಂದೇ ಕರೆದುಕೊಂಡರು; ಕನ್ನಡದ ಕಂದಮ್ಮಗಳಾದರೋ ಅವರನ್ನು ಗುರುವೆಂದೇ ಬಲ್ಲವು.