ಪರನಾಡಿನಲ್ಲೊಬ್ಬ ಗುರು: ವಂದನೀಯ ಫಾದರ್ ಯೂಜೀನ್ ಲಾಫೋಂಟ್

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸುವ ಶುಭ ಸಂದರ್ಭದಲ್ಲಿ, ಅದನ್ನು ಕಟ್ಟಿ ಬೆಳೆಸಿದ ಗುರುಗಳನ್ನೂ ಹಿರಿಯರನ್ನೂ ಕೃತಜ್ಞತೆಯಿಂದ ಸ್ಮರಿಸುವುದು ನಮ್ಮ ಕರ್ತವ್ಯ. ಇಗರ್ಜಿಯ ಬದಿಯಲ್ಲಿ ಒಂದು ಶಾಲೆ ಇರುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ಬಲಿಪೀಠದ ಮುಂದೆ ನಿಂತವರ ಹೆಸರುಗಳು ಗೋಡೆಯ ಫಲಕಗಳಲ್ಲಿ ಉಳಿಯುತ್ತವೆ. ಕರಿಹಲಗೆಯ ಮುಂದೆ ನಿಂತವರ ಹೆಸರುಗಳು ಬಹುಮಟ್ಟಿಗೆ ಅವರ ಶಿಷ್ಯರ ನೆನಪಿನೊಡನೆಯೇ ಮರೆಯಾಗುತ್ತವೆ. ಆದ್ದರಿಂದ, ಸ್ವಂತ ನಾಡನ್ನು ತೊರೆದು ಬಂದು ನಮ್ಮ ದೇಶದ ವಿದ್ಯಾಲಯವೊಂದರಲ್ಲಿ ನಲವತ್ತೆರಡು ವರ್ಷಗಳಿಗೂ ಹೆಚ್ಚು ಕಾಲ ದುಡಿದ ಕಥೋಲಿಕ ಉಪಾಧ್ಯಾಯರೊಬ್ಬರ ಜೀವನವನ್ನು ಈ ಸಂಚಿಕೆಯ ಓದುಗರ ಮುಂದಿಡಲು ನಾವು ಬಯಸಿದ್ದೇವೆ. ಅವರೇ ಯೇಸುಸಭೆಯ ವಂದನೀಯ ಫಾದರ್ ಯೂಜೀನ್ ಲಾಫೋಂಟ್.

ಲಾಫೋಂಟರು 1837ರ ಮಾರ್ಚ್ 26ರಂದು ಬೆಲ್ಜಿಯಂ ದೇಶದ ಮೋನ್ಸ್ ಪಟ್ಟಣದಲ್ಲಿ ಜನಿಸಿದರು. 1854ರಲ್ಲಿ, ಇನ್ನೂ ಹದಿನೇಳರ ಹರೆಯದಲ್ಲಿಯೇ, ದೈವಕರೆಗೆ ಓಗೊಟ್ಟು ಯೇಸುಸಭೆಯನ್ನು ಸೇರಿದರು. ತತ್ತ್ವಶಾಸ್ತ್ರದ ವ್ಯಾಸಂಗದ ಜೊತೆಯಲ್ಲಿ ಪ್ರಕೃತಿವಿಜ್ಞಾನದಲ್ಲಿಯೂ ಅವರಿಗೆ ಆಳವಾದ ಆಸಕ್ತಿ ಮೂಡಿತು. ಯಂತ್ರೋಪಕರಣಗಳನ್ನು ಜೋಡಿಸಿ ಪ್ರಯೋಗಗಳನ್ನು ಮಾಡಿ ತೋರಿಸುವುದರಲ್ಲಿ ಅವರ ಕೈ ಬಹಳ ಪಳಗಿತ್ತು. ಈ ಕೈಚಳಕವೇ ಮುಂದೆ ಅವರನ್ನು ಭಾರತಕ್ಕೆ ಕರೆತಂದಿತು.

ಬೆಲ್ಜಿಯಂನ ಯೇಸುಸಭೆಯ ಗುರುಗಳು ಕಲ್ಕತ್ತಾ ನಗರದಲ್ಲಿ 1860ರಲ್ಲಿ ಸಂತ ಝೇವಿಯರ್ ಕಾಲೇಜನ್ನು ಸ್ಥಾಪಿಸಿದ್ದರು. ಹಿಂದೆ ನಾಟಕಶಾಲೆಯೊಂದಿದ್ದು ಬೆಂಕಿಗೆ ಆಹುತಿಯಾದ ಪಾರ್ಕ್ ಸ್ಟ್ರೀಟಿನ ನಿವೇಶನದಲ್ಲಿ ಈ ವಿದ್ಯಾಲಯ ತಲೆಯೆತ್ತಿತು. ಚಿಕ್ಕ ಬಾಲಕರ ಶಾಲೆಯೂ ದೊಡ್ಡವರ ಕಾಲೇಜೂ ಅಲ್ಲಿ ಜೊತೆಯಾಗಿ ನಡೆಯುತ್ತಿದ್ದವು. ವಿಜ್ಞಾನವನ್ನು ಬೋಧಿಸಲು ಸಮರ್ಥರೊಬ್ಬರು ಬೇಕೆಂಬ ಕಾರಣದಿಂದ ಸಭೆಯ ಹಿರಿಯರು ಇಪ್ಪತ್ತೆಂಟು ವರ್ಷದ ಲಾಫೋಂಟರನ್ನು ಅಲ್ಲಿಗೆ ಕಳುಹಿಸಿದರು. 1865ರ ಡಿಸೆಂಬರ್ 4ರಂದು ಅವರು ಕಲ್ಕತ್ತಾ ನಗರವನ್ನು ತಲುಪಿದರು.

ಪರದೇಶದಲ್ಲಿ ಉಪಾಧ್ಯಾಯನಾಗಿ ಬಾಳುವುದು ಎಷ್ಟು ಕಠಿಣವೆಂಬುದನ್ನು ನಮ್ಮ ಓದುಗರಲ್ಲಿ ಅನೇಕರು ತಮ್ಮ ಮನೆಯವರ ಅನುಭವದಿಂದಲೇ ಬಲ್ಲರು. ಲಾಫೋಂಟರ ಹುಟ್ಟೂರಿನ ನುಡಿ ಫ್ರೆಂಚ್. ತರಗತಿಯಲ್ಲಿ ಪಾಠ ಹೇಳಬೇಕಾದದ್ದು ಇಂಗ್ಲಿಷಿನಲ್ಲಿ. ಹೊರಗೆ ಬೀದಿಯಲ್ಲಿ ಕಿವಿಗೆ ಬೀಳುತ್ತಿದ್ದುದು ಬಂಗಾಳಿ. ಉತ್ತರದ ಶೀತಪ್ರದೇಶದಲ್ಲಿ ಬೆಳೆದ ದೇಹ ಬಂಗಾಳದ ಬಿಸಿಲನ್ನೂ ಮಳೆಗಾಲದ ತೇವವನ್ನೂ ಸಹಿಸಬೇಕಾಗಿತ್ತು. ಯೇಸುಸಭೆಯ ಗುರುವಿನ ದಿನ ಧ್ಯಾನ ಮತ್ತು ಬಲಿಪೂಜೆಗಳಿಂದ ಆರಂಭವಾಗುತ್ತದೆ. ಅನಂತರದ ಹೊತ್ತನ್ನು ಲಾಫೋಂಟರು ಪಾಠಕ್ಕೂ ಪ್ರಯೋಗಶಾಲೆಗೂ ಮೀಸಲಿಟ್ಟರು. ಪುಸ್ತಕವನ್ನು ಬಾಯಿಪಾಠ ಮಾಡಿಸುವುದೇ ವಿದ್ಯೆಯೆಂದು ಭಾವಿಸಿದ್ದ ಆ ಕಾಲದಲ್ಲಿ, ಕಣ್ಣಾರೆ ಕಂಡದ್ದನ್ನೇ ಕಲಿಯಬೇಕೆಂಬುದು ಅವರ ದೃಢ ನಂಬಿಕೆಯಾಗಿತ್ತು. ಆದ್ದರಿಂದ ಬಂದ ಕೆಲವೇ ದಿನಗಳಲ್ಲಿ ಉಪಕರಣಗಳನ್ನು ಕೂಡಿಹಾಕಿ ಪ್ರಯೋಗಶಾಲೆಯೊಂದನ್ನು ಸಿದ್ಧಪಡಿಸಿದರು.

ತರಗತಿಯ ಕೆಲಸವಲ್ಲದೆ ಇನ್ನೊಂದು ನಿತ್ಯನೇಮವನ್ನೂ ಅವರು ಕೈಗೊಂಡರು. ಕಾಲೇಜಿನ ತಾರಸಿಯ ಮೇಲೆ ತಾತ್ಕಾಲಿಕವಾದ ಒಂದು ವೀಕ್ಷಣಾಲಯವನ್ನು ಏರ್ಪಡಿಸಿ ವಾಯುಭಾರ, ಉಷ್ಣತೆ, ಗಾಳಿಯ ದಿಕ್ಕು ಇವುಗಳನ್ನು ದಿನದಿನವೂ ಗುರುತು ಹಾಕಿಕೊಳ್ಳುತ್ತಿದ್ದರು. ನೋಡಿದವರಿಗೆ ಇದು ನೀರಸವಾದ ಕೆಲಸವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಅವರು ಬರುವುದಕ್ಕೆ ಒಂದು ವರ್ಷ ಮೊದಲು, 1864ರ ಅಕ್ಟೋಬರ್ 5ರಂದು, ಭೀಕರ ಚಂಡಮಾರುತವೊಂದು ಕಲ್ಕತ್ತಾ ಪ್ರದೇಶದ ಮೇಲೆ ಎರಗಿ ಅಂದಾಜು 60,000 ಜನರನ್ನು ಬಲಿತೆಗೆದುಕೊಂಡಿತ್ತು. ಇಡೀ ದೇಶಕ್ಕೊಂದು ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. 1867ರ ಶರತ್ಕಾಲದಲ್ಲಿ ಲಾಫೋಂಟರು ತಮ್ಮ ಉಪಕರಣಗಳ ಸೂಚನೆಗಳಿಂದ ಮತ್ತೊಂದು ಚಂಡಮಾರುತ ಸಮೀಪಿಸುತ್ತಿರುವುದನ್ನು ಅರಿತು ಅಧಿಕಾರಿಗಳಿಗೆ ಮುನ್ನೆಚ್ಚರಿಕೆ ಕೊಟ್ಟರು. ನವೆಂಬರ್ ಆರಂಭದಲ್ಲಿ ಬಿರುಗಾಳಿ ಬಂದೇ ಬಂದಿತು. ಎಚ್ಚರಿಕೆ ದೊರೆತಿದ್ದರಿಂದ ಅನೇಕರ ಜೀವ ಉಳಿಯಿತು. ಅಂದಿನಿಂದ ಈ ಯುವ ಉಪಾಧ್ಯಾಯರ ಹೆಸರು ನಗರಕ್ಕೆಲ್ಲ ಪರಿಚಿತವಾಯಿತು. ಯಾರೂ ಗಮನಿಸದ ದಿನಚರಿಯನ್ನು ನಿಷ್ಠೆಯಿಂದ ಪಾಲಿಸಿದವನ ಸೇವೆ ಆಪತ್ಕಾಲದಲ್ಲಿ ಹೇಗೆ ಒದಗಿಬರುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವನ್ನು ನಾವು ಕಾಣೆವು.

1874ರ ಡಿಸೆಂಬರ್ 9ರಂದು ಶುಕ್ರಗ್ರಹವು ಸೂರ್ಯಬಿಂಬದ ಮುಂದೆ ಹಾದುಹೋಗುವ ಅಪೂರ್ವ ಘಟನೆ ಸಂಭವಿಸಿತು. ಅದನ್ನು ವೀಕ್ಷಿಸಲು ಇಟಲಿಯ ಖಗೋಳಜ್ಞ ತಾಕ್ಕೀನಿಯವರ ನೇತೃತ್ವದಲ್ಲಿ ಬಂದ ತಂಡದೊಡನೆ ಲಾಫೋಂಟರೂ ಸೇರಿದರು. ಆ ಸಹವಾಸದ ಫಲವಾಗಿ ಮರುವರ್ಷವೇ, ದಾನಿಗಳ ನೆರವಿನಿಂದ, ಸೂರ್ಯವೀಕ್ಷಣೆಗಾಗಿ ಕಾಲೇಜಿನಲ್ಲಿ ಒಂದು ಶಾಶ್ವತ ವೀಕ್ಷಣಾಲಯ ನಿರ್ಮಾಣವಾಯಿತು.

ಇವೆಲ್ಲಕ್ಕಿಂತ ಮಿಗಿಲಾಗಿ ನಾವು ಸ್ಮರಿಸಬೇಕಾದ ಪ್ರಸಂಗ ಇನ್ನೊಂದಿದೆ. ಕಲ್ಕತ್ತೆಯ ಸುಪ್ರಸಿದ್ಧ ಹೋಮಿಯೋಪಥಿ ವೈದ್ಯರಾದ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಅವರು, ಭಾರತೀಯರೇ ನಡೆಸುವ, ಭಾರತೀಯರೇ ವಿಜ್ಞಾನವನ್ನು ಅಭ್ಯಸಿಸುವ ಸಂಸ್ಥೆಯೊಂದನ್ನು ಕಟ್ಟಬೇಕೆಂಬ ಹಂಬಲ ಹೊತ್ತಿದ್ದರು. ಅದಕ್ಕೆ ಹಣ ಕೂಡಿಸುವ ವೇಳೆಗೆ ತೀವ್ರವಾದ ಭಿನ್ನಾಭಿಪ್ರಾಯ ತಲೆದೋರಿತು. ಈ ದೇಶದ ಬಡತನಕ್ಕೆ ಕೈಕಸುಬು ಕಲಿಸುವ ಶಾಲೆಯೇ ಮದ್ದು, ಶುದ್ಧವಿಜ್ಞಾನ ಇಲ್ಲಿಗೆ ಅಕಾಲಿಕವೆಂದು ಇಂಡಿಯನ್ ಲೀಗಿನವರು ವಾದಿಸಿದರು. ಆ ವಾದದಲ್ಲಿ ಹುರುಳಿಲ್ಲವೆಂದು ಯಾರೂ ಹೇಳಲಾರರು. ಆದರೆ ಲಾಫೋಂಟರು ಬಹಿರಂಗ ಸಭೆಯಲ್ಲಿ ಸರ್ಕಾರ್ ಅವರ ಪಕ್ಷವನ್ನು ಹಿಡಿದರು. ಬರಿಯ ಕಸುಬನ್ನು ಕಲಿತ ಜನ ಎಂದೆಂದಿಗೂ ಯೂರೋಪಿಯನ್ನರ ಮೇಲ್ವಿಚಾರಣೆಯಲ್ಲಿಯೇ ದುಡಿಯಬೇಕಾದೀತು. ಮೂಲತತ್ತ್ವವನ್ನು ಅರಿತ ಜನ ಮಾತ್ರ ಸ್ವತಂತ್ರವಾಗಿ ನಿಲ್ಲಬಲ್ಲರು ಎಂಬುದು ಅವರ ವಾದದ ತಿರುಳು. ವಿದೇಶೀ ಆಳ್ವಿಕೆಯ ಆ ದಿನಗಳಲ್ಲಿ ಯೂರೋಪಿನ ಗುರುವೊಬ್ಬರು ಹೀಗೆ ನುಡಿಯುವುದು ಸಾಮಾನ್ಯವಾದ ಸಂಗತಿಯಾಗಿರಲಿಲ್ಲ.

1876ರಲ್ಲಿ ಆ ಸಂಸ್ಥೆ ಸ್ಥಾಪನೆಯಾಯಿತು. ತಮ್ಮ ಕಾಲೇಜಿನ ಹೊರೆಯ ಜೊತೆಗೆ ಲಾಫೋಂಟರು ಅಲ್ಲಿಯೂ ವರ್ಷಾನುಗಟ್ಟಲೆ ಉಪನ್ಯಾಸಗಳನ್ನು ನೀಡಿದರು. ಫೋನೋಗ್ರಾಫ್‌ನಂತಹ ಹೊಸ ಆವಿಷ್ಕಾರಗಳನ್ನು ನಾಗರಿಕರ ಮುಂದೆ ಪ್ರದರ್ಶಿಸಿ ವಿವರಿಸಿದರು. ಹಿಂದೂ ವೈದ್ಯರಿಗೂ ಕಥೋಲಿಕ ಗುರುವಿಗೂ ಬೆಳೆದ ಸ್ನೇಹ, ಸರ್ಕಾರ್ ಅವರು 1904ರಲ್ಲಿ ಕಾಲವಾಗುವವರೆಗೂ ಮುಂದುವರಿಯಿತು. ವಿಜ್ಞಾನವನ್ನು ಕಲಿತರೆ ಭಕ್ತಿ ಕುಂದುವುದೆಂಬ ಅಂಜಿಕೆ ಅವರಿಗಿರಲಿಲ್ಲ. ಸೃಷ್ಟಿಯನ್ನು ಅರಿಯುವ ದಾರಿ ಸೃಷ್ಟಿಕರ್ತನಿಂದ ದೂರ ಒಯ್ಯಲಾರದೆಂಬ ವಿಶ್ವಾಸದಿಂದಲೇ ಅವರು ಬೆಳಿಗ್ಗೆ ಬಲಿಪೂಜೆಯನ್ನು ಅರ್ಪಿಸಿ ಬಳಿಕ ದೂರದರ್ಶಕದ ಬಳಿಗೆ ನಡೆಯುತ್ತಿದ್ದರು.

ಅವರ ಶಿಷ್ಯರಲ್ಲಿ ಅಗ್ರಗಣ್ಯರು ಜಗದೀಶಚಂದ್ರ ಬೋಸ್. ಬಂಗಾಳಿ ಪಾಠಶಾಲೆಯಲ್ಲಿ ಮೊದಲಕ್ಷರ ಕಲಿತು ಬಂದ ಆ ಬಾಲಕ, ಸಂತ ಝೇವಿಯರ್ ಶಾಲೆಯಲ್ಲಿ ಇಂಗ್ಲಿಷ್ ಮಾತನಾಡುವ ಹುಡುಗರ ನಡುವೆ ಒಂಟಿಯಾಗಿದ್ದ. ಮುಂದೆ ಕಾಲೇಜಿನಲ್ಲಿ ಲಾಫೋಂಟರ ಪ್ರಯೋಗಗಳೇ ಅವನನ್ನು ಭೌತವಿಜ್ಞಾನದತ್ತ ಸೆಳೆದವು. ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿ 1885ರಲ್ಲಿ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದ ಬೋಸರು, ಭಾರತೀಯರಿಗೆ ಯೂರೋಪಿಯನ್ನರಿಗಿಂತ ಕಡಿಮೆ ಸಂಬಳ ಕೊಡುವ ಪದ್ಧತಿಯನ್ನು ಪ್ರತಿಭಟಿಸಿ ಮೂರು ವರ್ಷ ಸಂಬಳವನ್ನೇ ಮುಟ್ಟದೆ ದುಡಿದರು. ತಂತಿಯ ನೆರವಿಲ್ಲದೆ ವಿದ್ಯುತ್ತರಂಗಗಳನ್ನು ಗೋಡೆಗಳಾಚೆಗೆ ಕಳುಹಿಸಿ ತೋರಿಸಿದ ಅವರ ಪ್ರಯೋಗಗಳು 1895ರಲ್ಲಿ ಕಲ್ಕತ್ತೆಯನ್ನು ಬೆರಗುಗೊಳಿಸಿದವು. ಆ ಕೀರ್ತಿ ಮಾರ್ಕೋನಿಯವರ ಪಾಲಾಗತೊಡಗಿದಾಗ, ತಮ್ಮ ಶಿಷ್ಯನಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲೇಬೇಕೆಂದು ವೃದ್ಧ ಗುರು ಸಾರ್ವಜನಿಕವಾಗಿ ಎತ್ತಿಹಿಡಿದರು. ಬೋಸರೂ ತಮ್ಮ ಗುರುವಿನ ಋಣವನ್ನು ಮರೆಯಲಿಲ್ಲ.

ಲಾಫೋಂಟರು ದೊಡ್ಡ ಸಂಶೋಧನೆಗಳನ್ನು ಸ್ವಂತ ಹೆಸರಿನಲ್ಲಿ ಬಿಟ್ಟುಹೋದವರಲ್ಲವೆಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಅವರ ದಿನಗಳೆಲ್ಲ ಪಾಠದಲ್ಲಿಯೇ ಸವೆದುಹೋದವು. ಎರಡು ಬಾರಿ ಕಾಲೇಜಿನ ರೆಕ್ಟರರಾಗಿ ಆಡಳಿತದ ಭಾರವನ್ನೂ ಹೊತ್ತರು. 1880ರಲ್ಲಿ ಬ್ರಿಟಿಷ್ ಸರಕಾರ ಅವರಿಗೆ ಸಿ.ಐ.ಇ. ಬಿರುದನ್ನು ನೀಡಿತು, 1908ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಗೌರವ ಡಿ.ಎಸ್‌ಸಿ. ಪದವಿಯನ್ನಿತ್ತು ಸನ್ಮಾನಿಸಿತು. ಅದೇ ವರ್ಷದ ಮೇ 10ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಡಾರ್ಜಿಲಿಂಗಿನಲ್ಲಿ ಅವರು ದೈವಾಧೀನರಾದರು.

ಆದರೆ ಅವರು ಬಿತ್ತಿದ ಬೀಜ ಅಲ್ಲಿಗೇ ನಿಲ್ಲಲಿಲ್ಲ. 1907ರಲ್ಲಿ ಸರಕಾರಿ ನೌಕರಿಯ ಮೇಲೆ ಕಲ್ಕತ್ತೆಗೆ ಬಂದ ಚಂದ್ರಶೇಖರ ವೆಂಕಟರಾಮನ್ ಎಂಬ ತರುಣ, ಸರ್ಕಾರ್ ಮತ್ತು ಲಾಫೋಂಟರು ಬೆಳೆಸಿದ ಆ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಬಿಡುವಿನ ವೇಳೆಯನ್ನೆಲ್ಲ ಕಳೆಯತೊಡಗಿದ. ಅಲ್ಲಿಯೇ 1928ರಲ್ಲಿ ಪ್ರಕಟವಾದ ಸಂಶೋಧನೆಗೆ 1930ರ ನೊಬೆಲ್ ಪಾರಿತೋಷಕ ಬಂದಿತು. ಆ ಸಿ. ವಿ. ರಾಮನ್ ಅವರೇ 1933ರಲ್ಲಿ ನಮ್ಮ ಬೆಂಗಳೂರಿಗೆ ಬಂದು, 1970ರಲ್ಲಿ ನಿಧನರಾಗುವವರೆಗೆ ಕನ್ನಡನಾಡಿನಲ್ಲಿಯೇ ನೆಲಸಿದರು. ಕಲ್ಕತ್ತೆಯ ಸಭೆಯೊಂದರಲ್ಲಿ ಪರದೇಶದ ಉಪಾಧ್ಯಾಯರು ಹಿಡಿದ ಪಕ್ಷದ ಫಲ ಹೀಗೆ ನಮ್ಮ ನಾಡನ್ನೂ ಮುಟ್ಟಿತು.

ಲಾಫೋಂಟರಂತೆಯೇ ಯೇಸುಸಭೆಯ ಬೇರೆ ಗುರುಗಳು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದು, 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರೆಂಬುದನ್ನು ನಮ್ಮವರೆಲ್ಲ ಬಲ್ಲರು. ಅಂದು ಅವರು ಇಲ್ಲಿಗೆ ಬಂದರು. ಇಂದು ನಮ್ಮ ಕುಟುಂಬಗಳ ಗಂಡು ಹೆಣ್ಣು ಮಕ್ಕಳು ಉಪಾಧ್ಯಾಯರಾಗಿ ಪರದೇಶದ ಶಾಲೆಗಳಿಗೆ ಹೋಗುತ್ತಿದ್ದಾರೆ. ತಮ್ಮವರಲ್ಲದ ಮಕ್ಕಳನ್ನು ತಮ್ಮವರೆಂದೇ ತಿಳಿದು ಕಲಿಸುವ, ಕಲಿತ ಶಿಷ್ಯ ತಮ್ಮನ್ನು ಮೀರಿ ಬೆಳೆದಾಗ ಹಿಗ್ಗುವ ಮನಸ್ಸನ್ನು ಪ್ರಭು ಅವರೆಲ್ಲರಿಗೂ ಕರುಣಿಸಲಿ. ನಮ್ಮ ಇಗರ್ಜಿಯ ಶತಮಾನೋತ್ಸವದ ಬಲಿಪೂಜೆಯಲ್ಲಿ, ಹೆಸರು ಉಳಿದ ಹಾಗೂ ಹೆಸರು ಉಳಿಯದ ಉಪಾಧ್ಯಾಯರೆಲ್ಲರನ್ನೂ ನೆನೆದು ಪ್ರಾರ್ಥಿಸೋಣ.