ಗೋಪಾಲಕೃಷ್ಣ ಗೋಖಲೆಯವರು

ನಾವು ವಾಸಿಸುತ್ತಿರುವ ಈ ಪುಣೆ ನಗರವೇ ಗೋಪಾಲಕೃಷ್ಣ ಗೋಖಲೆಯವರ ಕರ್ಮಭೂಮಿ. 1866ರಲ್ಲಿ ರತ್ನಾಗಿರಿ ಜಿಲ್ಲೆಯ ಕೋತಳೂಕ ಗ್ರಾಮದ ಬಡ ಕುಟುಂಬವೊಂದರಲ್ಲಿ ಜನಿಸಿದ ಈ ಮಹನೀಯರು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. 1902ರಲ್ಲಿ ಅವರು ವೈಸರಾಯರ ಶಾಸನಸಭೆಯಲ್ಲಿ ಕುಳಿತರು. ಆಗ ಸದಸ್ಯರಿಗೆ ಪ್ರಶ್ನೆ ಕೇಳುವ, ಆಯವ್ಯಯವನ್ನು ಚರ್ಚಿಸುವ ಅಧಿಕಾರವಿತ್ತೇ ಹೊರತು ಅದರ ಮೇಲೆ ಮತ ನೀಡುವ ಅಧಿಕಾರವಿರಲಿಲ್ಲ. ಆದರೂ ಅವರು ಸರಕಾರದ ಅಂಕಿಗಳನ್ನೇ ಆಧಾರವಾಗಿಟ್ಟುಕೊಂಡು, ಬಡವರು ತಿನ್ನುವ ಉಪ್ಪಿನ ಮೇಲಿನ ತೆರಿಗೆಯನ್ನು ಬಿಡದೆ ಖಂಡಿಸಿದರು. ಮಣಕ್ಕೆ ಎರಡೂವರೆ ರೂಪಾಯಿಯಿದ್ದ ಆ ತೆರಿಗೆಯು 1907ರಲ್ಲಿ ಒಂದು ರೂಪಾಯಿಗೆ ಇಳಿಯಿತು.

ಪ್ರಾಥಮಿಕ ಶಿಕ್ಷಣವನ್ನು ಕ್ರಮೇಣ ಕಡ್ಡಾಯಗೊಳಿಸಬೇಕೆಂದು 1911ರಲ್ಲಿ ಅವರು ಮಸೂದೆಯೊಂದನ್ನು ಮಂಡಿಸಿದರು. ಸೋಲು ನಿಶ್ಚಿತವೆಂದು ಬಲ್ಲವರಾಗಿಯೂ ಹಿಂಜರಿಯಲಿಲ್ಲ. 1912ರಲ್ಲಿ ಮಸೂದೆಯ ಪರವಾಗಿ 13, ವಿರುದ್ಧವಾಗಿ 38 ಮತಗಳು ಬಿದ್ದವು. 1915ರಲ್ಲಿ, ನಲವತ್ತೊಂಬತ್ತು ತುಂಬುವ ಮೊದಲೇ, ಗೋಖಲೆಯವರು ಕಾಲವಶರಾದರು.

ಕನ್ನಡಿಗರೂ ಅವರನ್ನು ಮರೆಯಲಿಲ್ಲ, ಬೆಂಗಳೂರಿನಲ್ಲಿ ಡಿ.ವಿ.ಜಿ.ಯವರು ಕಟ್ಟಿದ ಸಂಸ್ಥೆಯು ಗೋಖಲೆಯವರ ಹೆಸರನ್ನೇ ಹೊತ್ತಿದೆ. 6ರಿಂದ 14 ವರ್ಷದ ಮಕ್ಕಳಿಗೆಲ್ಲ ಶಿಕ್ಷಣವು ಹಕ್ಕೆಂಬ ಕಾಯಿದೆ ಜಾರಿಗೆ ಬಂದದ್ದು 2010ರಲ್ಲಿ. ಅಂದು ಸೋತ ಆ 13 ಮತಗಳ ಋಣ ಶಾಲೆಯಲ್ಲಿ ಕುಳಿತು ಓದುವ ನಮ್ಮೆಲ್ಲರ ಮೇಲಿದೆ. ಚೆನ್ನಾಗಿ ಕಲಿತು ಅದನ್ನು ತೀರಿಸೋಣ.