ನೆಲೆ ತಪ್ಪಿದವರ ವಾಸ್ತುಶಿಲ್ಪಿ

1908ರಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದ ಒಟ್ಟೊ ಕೋನಿಗ್ಸ್‌ಬರ್ಗರ್ ವಾಸ್ತುಶಿಲ್ಪವನ್ನು ಕಲಿತು ಸರ್ಕಾರಿ ಸೇವೆಗೆ ಸೇರಿದರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ, ಯೆಹೂದಿ ಮೂಲದವರೆಂಬ ಒಂದೇ ಕಾರಣಕ್ಕೆ ಉದ್ಯೋಗವನ್ನೂ ತಾಯ್ನಾಡನ್ನೂ ಕಳೆದುಕೊಂಡರು. 1939ರಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ಅವರನ್ನು ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯನ್ನಾಗಿ ಬರಮಾಡಿಕೊಂಡರು.

ಯೂರೋಪಿನ ಆಧುನಿಕ ಶೈಲಿಯನ್ನು ಅವರು ಇದ್ದಂತೆಯೇ ಇಲ್ಲಿಗೆ ತರಲಿಲ್ಲ. ಇಲ್ಲಿನ ಬಿಸಿಲು, ಮಳೆ, ಗಾಳಿಗಳನ್ನರಿತು ಮಾರ್ಪಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ರೂಪಿಸಿದ ವಿಮಾನ ಎಂಜಿನಿಯರಿಂಗ್ ವಿಭಾಗದ ಕಟ್ಟಡವನ್ನು ವಾಸ್ತುಪ್ರಿಯರು ಆದರದಿಂದ ಕಾಣುತ್ತಾರೆ.

ದೇಶ ವಿಭಜನೆಯ ತರುವಾಯ, 1948ರಿಂದ 1951ರವರೆಗೆ, ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿ ನಿರಾಶ್ರಿತರಿಗೆ ಮನೆಗಳನ್ನು ಯೋಜಿಸಿದರು. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಬೋಧಿಸಿ, 1999ರಲ್ಲಿ ನಿಧನರಾದರು. ನೆಲೆ ತಪ್ಪಿದ ನೋವನ್ನು ತಾವೇ ಉಂಡಿದ್ದ ಅವರು ಪರರ ನೆಲೆಗಾಗಿ ದುಡಿದು ಬಾಳನ್ನು ಸಾರ್ಥಕಗೊಳಿಸಿದರು.